ಉಪ್ಪುನೀರಿನ ಚಿತ್ರ

ಮೂವತ್ನಾಲ್ಕು ವರ್ಷ ಕಾರವಾರ ಬಸ್ ನಿಲ್ದಾಣದ
ಜಾಳಿಗೆ ಕಿಟಕಿಯ ಹಿಂದೆ ಕೂತು
ಬೇರೆಯವರ ಪ್ರಯಾಣ ಕೂಗಿದವ ನಾನು.
ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ,
ಎರಡನೇ ಅಂಕಣದಲ್ಲಿ ನಿಂತಿದೆ.
ಮೈಕಿಗೊಂದು ಕೆಮ್ಮಿತ್ತು, ನನಗಿಂತ ಮೊದಲೇ ಕೆಮ್ಮುತ್ತಿತ್ತು.
ಮಾಜಾಳಿ ಬಸ್ಸನ್ನು ದಿನಕ್ಕೆ ಹನ್ನೊಂದು ಸಲ ಕಳಿಸಿದೆ,
ಒಂದು ಸಲವೂ ಹತ್ತಲಿಲ್ಲ.

ಈಗ ಗುರುವಾರ ಗುರುವಾರ ಹತ್ತುತ್ತೇನೆ.
ಕಿಟಕಿ ಬದಿಯ ಸೀಟು. ತೊಡೆಯ ಮೇಲೆ ಬಣ್ಣದ ಡಬ್ಬಿ.
ಕೊಳ್ಳುವಾಗ ಅಂಗಡಿಯವ ಕೇಳಿದ್ದ,
"ಮೊಮ್ಮಗು ಎಷ್ಟನೇ ಕ್ಲಾಸು?"
"ಒಂದನೇ" ಅಂದಿದ್ದೆ.
ಮೊಮ್ಮಗು ಇಲ್ಲ. ಕ್ಲಾಸು ಮಾತ್ರ ಸುಳ್ಳಲ್ಲ.

ಕೋಡಿಬಾಗದಲ್ಲಿ ಮಾರ್ಸೆಲಿನ್ ಬಾಯಿ ಹತ್ತುತ್ತಾರೆ,
ಹೆರಿಗೆ ವಾರ್ಡಿನ ಹಳೆಯ ಸಿಸ್ಟರ್.
ಅರ್ಧ ಬಸ್ಸು ಅವರ ಕೈಯಲ್ಲೇ ಹುಟ್ಟಿದ್ದು,
ಸೀಟಿಗೇನೂ ತೊಂದರೆಯಿಲ್ಲ.
ಕಾಳಿ ದಾಟಿದರೆ ಸದಾಶಿವಗಡ, ಅಲ್ಲಿ ವಿಠೋಬ ತಾಂಡೇಲ.
ಬಂದರಿಗೆ ಬಂದ ಹಡಗಿಗೆಲ್ಲ ಹಗ್ಗ ಬಿಗಿದ ಕೈ
ಪೆನ್ಸಿಲ್ಲನ್ನೂ ಹಗ್ಗದಂತೆಯೇ ಹಿಡಿಯುತ್ತದೆ.
ಆದರೂ ಮೂವರಲ್ಲಿ ಚಿತ್ರ ಬರುವುದು ಅವನೊಬ್ಬನಿಗೇ.
ಇದನ್ನು ನಾವಿಬ್ಬರೂ ಅವನಿಗೆ ಹೇಳಿಲ್ಲ.

ಮಾಜಾಳಿಯಿಂದ ಗುಡ್ಡ ಹತ್ತಬೇಕು.
ಮಾರ್ಸೆಲಿನ್ ಬಾಯಿಯ ಮೊಣಕಾಲು ಎರಡು ಕಡೆ ನಿಲ್ಲಿಸುತ್ತದೆ:
ಕವಳಿ ಪೊದೆಯ ಹತ್ತಿರ ಒಮ್ಮೆ,
ಕಡಲು ತಟ್ಟನೆ ಎದ್ದು ನಿಲ್ಲುವ ಕಲ್ಲಿನ ಬಳಿ ಇನ್ನೊಮ್ಮೆ.
ಎರಡನೆಯದಕ್ಕೆ ಮೊಣಕಾಲು ನೆಪ, ಎಂದು ನನ್ನ ಗುಮಾನಿ.

ಇಳಿದರೆ ತಿಳಮಾತಿ.
ಎಳ್ಳು ಹರವಿದ ಹಾಗೆ ಕಪ್ಪು ಮರಳು.
ಅವತ್ತು ಕಪ್ಪಿನ ಟ್ಯೂಬು ಪೂರ್ತಿ ಹಿಂಡಿ
ತೀರ ಬಳಿದು ಮುಗಿಸಿಯೇಬಿಟ್ಟಿದ್ದೆ.
ವಿಠೋಬ ಇಣುಕಿದ. "ಇದು ಡಾಂಬರು" ಅಂದ.
"ಹುಟ್ಟಾ ಡಾಂಬರೇ ನೋಡಿದವ ನೀನು, ಪಾಪ."
ಒಂದು ಹಿಡಿ ಒದ್ದೆ ಮರಳು ತಂದು
ಕಾಗದದ ಪಕ್ಕ ಸುರಿದ. ನೋಡು, ಅಂದ.
ನೋಡಿದೆ. ಇನ್ನೂ ನೋಡು, ಅಂದ.
ನೇರಳೆ ಇತ್ತು. ಬೆಳಚಿನ ಚಿಪ್ಪಿನ
ಒಳಬದಿಯ ಬೂದು ಇತ್ತು.
ಒಂದೇ ಒಂದು ಕಣ ಕೆಂಪು, ಅದು ಎಲ್ಲಿಂದ ಬಂತೋ.

ಹೊಸ ಕಾಗದ ಹಾಸಿ, ಬಣ್ಣ ಕಲಸಲು
ಬಾಟಲಿ ಎತ್ತಿದರೆ ಖಾಲಿ.
ಮಾರ್ಸೆಲಿನ್ ಬಾಯಿ ಮೂರು ಕಲ್ಲಿನ ಒಲೆಯ
ಹೊಗೆಯಲ್ಲಿ ಮುಖ ಮರೆಸಿಕೊಂಡರು:
ಸಿಹಿನೀರೆಲ್ಲ ಚಹಾ ಆಗಿತ್ತು.
ಕುಡಿದೆವು. ಮತ್ತೇನು ಮಾಡುವುದು?
ಪಾವಿನೊಳಗೆ ಬಟಾಟೆ ಭಾಜಿ ಒತ್ತಿ ಒತ್ತಿ ತಿಂದೆವು.
ಆಮೇಲೆ ಪ್ಯಾಂಟು ಮಡಚಿ ನೀರಿಗಿಳಿದು
ಕಡಲಲ್ಲೇ ಕುಂಚ ಅದ್ದಿದೆ.
ಅಲೆ ಬಂದು ತುದಿಯ ನೀಲಿ ಒಯ್ದಿತು.
"ಅಷ್ಟು ಬಣ್ಣ ಅದಕ್ಕೆ ಸಾಲದೋ!"
ದಂಡೆಯಿಂದ ವಿಠೋಬನ ಕೂಗು.

ನಾಲ್ಕೂಮುಕ್ಕಾಲಿನ ಬಸ್ಸು ತಪ್ಪಿತು.
ತಡವಾಗಿ ಬಂದ ಡ್ರೈವರಿಗೆಲ್ಲ ನಾನು
ಕೆಂಪು ಶಾಯಿಯಲ್ಲಿ ಕಾರಣ ಕೇಳುತ್ತಿದ್ದವ.
ಆ ಸಂಜೆ ಮಾಜಾಳಿಯ ಕಟ್ಟೆಯ ಮೇಲೆ
ಮೂವರೂ ಕಾಲಿನ ಮರಳು ಕೊಡವುತ್ತ ಕೂತಾಗ
ನನಗೆ ನಾನೇ ಮೆಮೊ ಕೊಟ್ಟುಕೊಂಡೆ.
ವಿವರಣೆ: ಒಂದು ಕೆಂಪು ಕಣ.

ಚಿತ್ರ ಒಣಗಿದ ಮೇಲೆ ಮೈತುಂಬ ಉಪ್ಪಿನ ಹರಳು.
ನಡುಮನೆಯ ಕ್ಯಾಲೆಂಡರಿನ ಪಕ್ಕ ತೂಗುಹಾಕಿದೆ,
ಮಧ್ಯಾಹ್ನದ ಬಿಸಿಲಿಗೆ ಮಿನುಗುತ್ತಿತ್ತು.
ಜೂನ್ ಬಂದದ್ದೇ ಅದಕ್ಕೆ ಬೆವರು.
ಉಪ್ಪಲ್ಲವೆ, ಗಾಳಿಯ ತೇವ ಕುಡಿಯುತ್ತದೆ.
ಒಂದು ನೇರಳೆ ಹನಿ
ಅಂಚು ದಾಟಿ ಸುಣ್ಣದ ಗೋಡೆಗಿಳಿಯಿತು.
"ಹಾಳಾಯ್ತಲ್ಲ" ಅಂದಳು ಸುಲಭಾ, ಬಟ್ಟೆ ತರಲು ಹೋದಳು.

ನಾನು ವಿಠೋಬನಿಗೆ ಫೋನು ಮಾಡಿದೆ.
ಈಗ ಉಬ್ಬರವೋ ಇಳಿತವೋ?
"ಭರತಿ" ಅಂದ. ಯಾಕೆ ಅಂತ ಕೇಳಲಿಲ್ಲ.
ಗುರುವಾರ ಮಳೆ ಬಿದ್ದರೆ?
"ಕೊಡೆ ತಾ" ಅಂದ.
"ನೀರಿನ ಬಾಟಲಿ ಬೇಡ."